ನಾಲಿಗೆಯ ಕೆಳಗೆ

ಕೋಲ್ಕತ್ತದ ಜಾದವ್‌ಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ಧಾರವಾಡ ಕಡೆಯವರು. ಜೈಲಿನ ಆಸ್ಪತ್ರೆಯಲ್ಲಿ ಮನಸ್ಸು ಕೆಟ್ಟ ಕೈದಿಗಳನ್ನು ನೋಡಿಕೊಳ್ಳುತ್ತಿದ್ದರು. ಮಾತ್ರೆ ನುಂಗಿದಂತೆ ನಟಿಸುವವರನ್ನು ದಿನವೂ ಕಂಡು ಕಂಡು, ನನ್ನ ಮಗಳು ಜ್ವರದ ಮಾತ್ರೆ ತೆಗೆದುಕೊಂಡರೂ ಗಲ್ಲ ಹಿಡಿದು, "ನಾಲಗಿ ಎತ್ತವಾ, ನೋಡೂಣ" ಎನ್ನುತ್ತಿದ್ದರು.

ಒಂದು ಸಂಜೆ ಸಮವಸ್ತ್ರದಲ್ಲೇ ಬಂದು ನಮ್ಮ ಬಾಗಿಲು ಬಡಿದರು.

"ಲಗೂ ಬರ್ರಿ, ಸಿಯಾಲ್ದಾ ಸ್ಟೇಶನ್ನಿಗೆ ಹೋಗೂಣ. ನಮ್ಮ ಪೇಶಂಟ್ ಒಬ್ಬಗ ಜಾಮೀನು ಸಿಕ್ಕೇತಿ. ಗುಳಿಗಿ ಕೊಡದನ ಹೊರಗ ಬಿಟ್ಟಾರ, ಊರಿನ ರೈಲು ಹತ್ತಾಕ ಹೋಗ್ಯಾನಂತ. ಹಿಂದ ಗುಳಿಗಿ ತಪ್ಪಿದಾಗ ಜೀವಾ ಕಳಕೊಳ್ಳಾಕ ಹೋಗಿದ್ದ ಅಂವ."

ಲೋಕಲ್ ಟ್ರೈನಿನಲ್ಲಿ ಅವರು ಕೂರಲೇ ಇಲ್ಲ. ಮಾತ್ರೆಗಳ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಆತನ ಊರಿನ ರೈಲು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದವನು ಇವರನ್ನು ಕಂಡೊಡನೆ ಎದ್ದು ನಿಂತ. ನರ್ಸಮ್ಮ ಸರಳುಗಳ ನಡುವೆ ಪೊಟ್ಟಣ ತೂರಿಸಿ, ಒಂದು ಮಾತ್ರೆಯನ್ನು ತಮ್ಮೆದುರೇ ನುಂಗಲು ಹೇಳಿದರು. ಆತ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಅಷ್ಟರಲ್ಲಿ ರೈಲು ಅಲುಗಿತು. ನರ್ಸಮ್ಮ ಜೊತೆಜೊತೆಗೇ ಓಡುತ್ತ, ಬಂಗಾಳಿಯಲ್ಲಿ ಅದೇ ಮಾತು ಕೂಗಿದರು.

ನಾಲಿಗೆ ಎತ್ತು.

ಆತ ಹೇಳಿದಂತೆ ಕೇಳಿದ. ಸರಳಿಗೆ ಮುಖವೊತ್ತಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ. ಬಿಳಿ ಮಾತ್ರೆ ಅಲ್ಲೇ ಇತ್ತು.