ಕೌದಿಗೊಂದು ತುತ್ತು ರೊಟ್ಟಿ

ಫಕ್ರುದ್ದೀನ ಸಾಹೇಬರು ಅಂಗಡಿ ಮುಚ್ಚಿದರೂ ಅವರ ಕಾಲಿಗೆ ಆ ಸುದ್ದಿ ತಲುಪಲಿಲ್ಲ. ನಮ್ಮ ಮನೆಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವಾಗಲೂ ಕೆಳಗೆ ಎರಡು ಪಾದಗಳು ಏಳುತ್ತ ಬೀಳುತ್ತ, ಅಲ್ಲಿಲ್ಲದ ಹೊಲಿಗೆ ಮಿಷನ್ನನ್ನು ತುಳಿಯುತ್ತಲೇ ಇರುತ್ತಿದ್ದವು. ನಿಲ್ಲಿಸಿ ಅಂದರೆ ನಿಲ್ಲುತ್ತಿದ್ದವು. ಮಾತು ಬೇರೆ ಕಡೆ ಹೊರಳಿದ ಕೂಡಲೇ ಮತ್ತೆ ಯಾರದೋ ಪ್ಯಾಂಟು ಶುರು.

ಗೋಳಗುಮ್ಮಟದ ಕಡೆ, ಪ್ರವಾಸಿಗರಿಗೆ ಟೋಪಿ, ಕೀ ಚೈನು ಮಾರುವ ಅಂಗಡಿಗಳ ನಡುವೆ ಅವರ ದರ್ಜಿ ಅಂಗಡಿ ಇತ್ತು. ನನ್ನ ಮದುವೆಯ ಸೂಟು ಹೊಲಿದವರು ಅವರೇ. ಸೂಟಿನ ಬಟ್ಟೆ ಇವತ್ತಿಗೂ ಗಟ್ಟಿಮುಟ್ಟಾಗಿದೆ, ಅದರೊಳಗೆ ಹೋಗಬೇಕಾದವನೇ ಹಾಳಾಗಿದ್ದಾನೆ. ಆಮೇಲೆ ಊರ ಜನ ಸಿದ್ಧ ಉಡುಪಿನ ಮಳಿಗೆಗಳಿಗೆ ಹೋದರು, ಸಾಹೇಬರ ಕುತ್ತಿಗೆ ಹಿಡಿದುಕೊಂಡಿತು, ಕಣ್ಣಿಗೆ ಪೊರೆ ಬಂತು. ಪೊರೆ ತೆಗೆಸಿಕೊಂಡು ಹೊರಬಂದ ಮೇಲೆ ಅವರಿಗೆ ಜಗತ್ತು ಸ್ವಚ್ಛವಾಗಿ ಕಂಡಿತಂತೆ. ಸ್ವಚ್ಛವಾಗಿ ಕಂಡ ಮೊದಲ ವಸ್ತು ಅಂದರೆ ತಮ್ಮ ಖಾಲಿ ಅಂಗಡಿ. ಬಾಗಿಲು ಹಾಕಿ ಬೀಗ ಜಡಿದರು.

ಅವರ ಹೆಂಡತಿ ಮಾಶಾಬಿ ತಿಕೋಟಾ ಕಡೆಯವರು. ಮಾತು ಕಡಿಮೆ, ಆಡಿದರೆ ಮಾತ್ರ ಕೇಳಿದವನು ಎರಡು ದಿನ ಅದನ್ನೇ ಮೆಲುಕು ಹಾಕಬೇಕು. ಬೀಗ ಹಾಕಿ ಬಂದ ಗಂಡನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಅವರೊಂದು ಕರಾರು ಮಾಡಿಸಿಕೊಂಡಿದ್ದರು. ಇನ್ನು ಈ ಮನೆಯಲ್ಲಿ ಸೂಜಿ ಅನ್ನುವುದು ಕಾಣಬಾರದು, ಸಂಜೆಯ ಚಹಾ ಇಬ್ಬರೂ ಕೂಡಿ ಕುಡಿಯಬೇಕು. ಇದರಲ್ಲಿ ತಪ್ಪೇನೂ ಇರಲಿಲ್ಲ. ರಮ್ಜಾನ್ ಬಂತೆಂದರೆ ಊರೆಲ್ಲ ಹೊಸ ಬಟ್ಟೆ ತೊಡುವಂತೆ ಮಾಡಿದ ಮನುಷ್ಯ, ಹೆಂಡತಿಯ ಕುಪ್ಪಸವನ್ನು ಹಬ್ಬ ಮುಗಿದ ಮೇಲೆ ಹೊಲಿದು ಕೊಡುತ್ತಿದ್ದ. ಚಹಾ ಕಾಸಿ ಕಾಯ್ದು, ಆರಿದ್ದನ್ನು ಮತ್ತೆ ಕಾಸಿ, ಕೊನೆಗೆ ಒಬ್ಬರೇ ಕುಡಿದು ಕಪ್ಪು ತೊಳೆದಿಡುವುದರಲ್ಲಿ ಆಕೆಯ ಪ್ರಾಯ ಕಳೆದಿತ್ತು. ಹಾಸಿಗೆಯಲ್ಲಿ ಗುಂಡುಸೂಜಿ ಚುಚ್ಚಿದ್ದು ಬೇರೆ.

ಸೂಜಿ ಬಿಟ್ಟ ದರ್ಜಿ ಏನು ಮಾಡಬೇಕು? ಈ ಪ್ರಶ್ನೆಗೆ ಊರಲ್ಲಿ ಎಲ್ಲರ ಹತ್ತಿರವೂ ಉತ್ತರ ಇತ್ತು. ಅರವತ್ತು ದಾಟಿದವರು ಹೊಸ ಹವ್ಯಾಸ ಕಲಿಯಬೇಕು, ಬದುಕನ್ನು ಸವಿಯಬೇಕು ಎಂದು ಬೆಳಗಾದರೆ ಮೊಬೈಲಿಗೆ ಹೂವಿನ ಚಿತ್ರದ ಸಮೇತ ಉಪದೇಶ ಬರುತ್ತದಲ್ಲ. ಅದನ್ನು ಸಾಹೇಬರಿಗೆ ಕಳಿಸಿದವರಲ್ಲಿ ನಾನೂ ಒಬ್ಬ. ನಾನು, ಅಂದರೆ ಪ್ರಲ್ಹಾದ, ಕಾಲೇಜೊಂದರ ಆಫೀಸಿನಲ್ಲಿ ಕೂತು ದಣಿಯುವವನು, ದಣಿವಾರಿಸಿಕೊಳ್ಳಲು ಹಾಸ್ಯ ಲೇಖನ ಬರೆದು ಓದುಗರನ್ನು ದಣಿಸುವವನು. ಐವತ್ತರ ನಂತರ ಕೊಳಲು ಕಲಿಯಲು ಹೋಗಿ, ಓಣಿಯ ನಾಯಿಗಳು ಉತ್ತರ ಕೊಡತೊಡಗಿದ ಮೇಲೆ ಬಿಟ್ಟವನು. ಇಂಥವನ ಮಾತು ಕೇಳಿದ್ದು ಸಾಹೇಬರ ದೊಡ್ಡಸ್ತಿಕೆ.

ಮೊದಲು ಗುಮ್ಮಟದ ತೋಟದಲ್ಲಿ ಬೆಳಗಿನ ತಿರುಗಾಟ ಶುರುವಾಯಿತು. ನಾಲ್ಕು ದಿನಕ್ಕೆ ಮುಖ ಬಾಡಿಸಿಕೊಂಡು ಬಂದರು.

"ಪ್ರಲ್ಹಾದರ, ನನ್ನ ಕೈಲೆ ಆಗೂದಿಲ್ರಿ. ಮುಂದ ಹೋಗೋರ ಪ್ಯಾಂಟ್ ನೋಡಿದ್ರ ನಡಿಯೂದs ಮರತ ಹೋಗತೈತಿ. ಒಂದು ಕಾಲು ಉದ್ದ, ಒಂದು ಗಿಡ್ಡ. ಯಾರ ಹೊಲದಾರೋ ಏನೋ, ಅಲ್ಲಾ ಅವರನ್ನ ಕ್ಷಮಿಸಲಿ."

ಆಮೇಲೆ ಹಕ್ಕಿ ನೋಡುವ ಹವ್ಯಾಸ. ನಾನೇ ಅವರನ್ನು ಬಸ್ಸಿನಲ್ಲಿ ಮಮದಾಪುರದ ಕೆರೆಗೆ ಕರೆದುಕೊಂಡು ಹೋದೆ. ನೀರಲ್ಲಿ ನಿಂತ ಕೊಕ್ಕರೆಯನ್ನು ಬಹಳ ಹೊತ್ತು ನೋಡಿ ಉಸಿರು ಬಿಟ್ಟರು. "ಕಾಲು ಉದ್ದ, ಸೊಂಟ ಇಲ್ಲs ಇಲ್ಲ. ಇದಕ್ಕ ಹೊಲಿಯೂದು ಬಾಳ ತ್ರಾಸ." ಬರುವಾಗ ಬಬಲೇಶ್ವರದ ತನಕ ನಿಂತೇ ಬಂದೆವು. ಬದುಕನ್ನು ಸವಿಯುವುದಕ್ಕೆ ಇಷ್ಟು ಮೈಕೈ ನೋವು ಇರುತ್ತದೆಂದು ಹೂವಿನ ಚಿತ್ರದವರು ಹೇಳಿರಲಿಲ್ಲ.

ಕೊನೆಗೆ ಹವ್ಯಾಸ ಸಿಕ್ಕಿದ್ದು ನಮ್ಮ ಪಡಸಾಲೆಯಲ್ಲೇ.

ನಮ್ಮವ್ವ ಗಂಗಾಬಾಯಿಗೆ ಎಂಬತ್ತರ ಆಚೀಚೆ. ವರ್ಷಕ್ಕೊಂದು ಕೌದಿ ಹೊಲಿಯದಿದ್ದರೆ ಆಕೆಗೆ ವರ್ಷ ಕಳೆದ ಹಾಗೆ ಅನ್ನಿಸುವುದಿಲ್ಲ. ಹಳೆಯ ಸೀರೆ, ಧೋತರ, ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ದಪ್ಪ ದಾರದಿಂದ ಕೈಯಲ್ಲೇ ಹೊಲಿಯುವ ಹೊದಿಕೆ ಅದು. ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅವತ್ತು ಬೆಳಗಿನ ಚಹಾಕ್ಕೆ ಬಂದಿದ್ದ ಸಾಹೇಬರ ಮುಂದೆ ಸೂಜಿ ಹಿಡಿದಳು. ಅವರು ನೋಡದೇ ಪೋಣಿಸಿಕೊಟ್ಟರು. ಮತ್ತೆ ಹಿಡಿದಳು, ಮತ್ತೆ ಪೋಣಿಸಿದರು. ಚಹಾ ಆರಿತು. ಸಾಹೇಬರು ಮೆಲ್ಲಗೆ ಕುರ್ಚಿ ಬಿಟ್ಟು ನೆಲಕ್ಕಿಳಿದರು.

"ಅವ್ವಾ, ಇದನ್ನ ನನಗ ಕಲಸ್ತೀರೇನು?"

"ಜಲ್ಮ ಪೂರ್ತಿ ಹೊಲದೀ. ನಿನಗೇನ ಕಲಸ್ಲಿ ನಾ?"

"ಮಂದಿ ಅಳತಿ ಹಿಡದು ಹೊಲದೇನ್ರಿ. ಇದಕ್ಕ ಅಳತಿನs ಇಲ್ಲಲ್ಲ."

ಯಾರಿಗೆ ಕೌದಿ ಎಂದು ಅವ್ವ ಕೇಳಿದಳು. ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಮಾಶಾಬಿಗೆ ಮೊಣಕಾಲು ನೋವು, ಛಳಿಗಾಲ ಬಂದರೆ ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಕೋಟಿನ ಬಟ್ಟೆ ಸುತ್ತಿಕೊಂಡು ಮಲಗುತ್ತಾಳೆ. ತಾನು ಆಕೆಗೆ ಸಮಯಕ್ಕೆ ಸರಿಯಾಗಿ ಒಂದನ್ನೂ ಹೊಲಿದು ಕೊಟ್ಟವನಲ್ಲ. ಈ ಛಳಿ ಬರುವ ಮೊದಲು ಒಂದು ಕೊಡಬೇಕು. ಆದರೆ ಸೂಜಿ ಮುಟ್ಟಿದ್ದು ಗೊತ್ತಾದರೆ ಆಕೆ ಮಾತು ಬಿಡುತ್ತಾಳೆ. ಅದಕ್ಕೆಂದೇ ಮನೆಯಲ್ಲಿ, ಪ್ರಲ್ಹಾದರ ಹತ್ತಿರ ಕೇರಂ ಕಲಿಯಲು ಹೋಗುತ್ತೇನೆ ಎಂದು ಹೇಳುವುದೆಂದಾಯಿತು. ನನಗೆ ಕೇರಂ ಬರುವುದಿಲ್ಲ. ನಮ್ಮ ಮನೆಯಲ್ಲಿ ಬೋರ್ಡೂ ಇಲ್ಲ.

ಸಾಹೇಬರು ಕೆಟ್ಟ ವಿದ್ಯಾರ್ಥಿ. ಹರಕು ಅಂಗಿಗೂ ಇಸ್ತ್ರಿ ಹಾಕಿ ತಂದರು, ಟೇಪು ಹಿಡಿದು ಸೀಮೆಸುಣ್ಣದ ಗೆರೆ ಎಳೆದರು. ಅದನ್ನೆಲ್ಲ ಅವ್ವ ಸಹಿಸಿಕೊಂಡಳು. ಆದರೆ ದರ್ಜಿಯ ಜೇಬಲ್ಲಿ ಒಂದು ಅರ್ಧ ಬ್ಲೇಡು ಇರುತ್ತದೆ. ಹೊಲಿಗೆ ಸೊಟ್ಟ ಕಂಡರೆ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಗಿ, ಬ್ಲೇಡು ತೆಗೆದು, ದಾರ ಕತ್ತರಿಸಿ ಬಿಚ್ಚುತ್ತದೆ. ಸಾಹೇಬರು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕೌದಿ ಬೆಳೆಯುತ್ತಲೇ ಇಲ್ಲ. ಒಂದು ಮಧ್ಯಾಹ್ನ ಅವ್ವ ಸಣ್ಣ ನಿದ್ದೆ ತೆಗೆದು ಎದ್ದು ನೋಡಿದರೆ, ಆಕೆಯೇ ಹಾಕಿದ್ದ ಸಾಲು ಪೂರ್ತಿ ಮಾಯ.

"ಲೇ ಫಕ್ರುದ್ದೀನ! ನನ್ನ ಹೊಲಿಗಿ ಯಾರ ಬಿಚ್ಯಾರ?"

"ಅವ್ವಾ, ಅಲ್ಲೇ ಜರಾ ಸೊಟ್ಟ ಇತ್ತು..."

"ಸೊಟ್ಟ ಇತ್ತಾ? ಈ ಸೊಟ್ಟ ಹೊಲಿಗಿ ಹೊದ್ಕೊಂಡs ಈ ಪ್ರಲ್ಹಾದ ದೊಡ್ಡಾಂವ ಆಗ್ಯಾನ!"

ಸಾಹೇಬರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಆ ನೋಟವನ್ನು ನಾನು ಈಗಲೂ ಕ್ಷಮಿಸಿಲ್ಲ.

"ಕೌದಿ ಅಂದ್ರ ಕೋಟ್ ಅಲ್ಲಪಾ," ಎಂದಳು ಅವ್ವ, ಸಿಟ್ಟು ಇಳಿದ ಮೇಲೆ. "ಕೈ ದಣದಲ್ಲೆ ಹೊಲಿಗಿ ಸೊಟ್ಟ ಆಗತೈತಿ. ಆಗಲಿ ಬಿಡು. ದಣದದ್ದೂ ಅದರಾಗ ಇರಬೇಕು. ಹಂಗಾದ್ರನs ಮೈಗೆ ಬೆಚ್ಚಗ."

ಅವತ್ತಿನಿಂದ ಬಿಚ್ಚುವುದು ಕಡಿಮೆಯಾಯಿತು. ನಿಂತಿತು ಅನ್ನಲಾರೆ. ನನ್ನ ಮದುವೆಯ ಸೂಟಿನ ಪ್ಯಾಂಟೂ ಕತ್ತರಿಗೆ ಸಿಕ್ಕಿ ಕೌದಿಯ ನಡುಭಾಗಕ್ಕೆ ಹೋಯಿತು. ಅವ್ವನ ಇಳಕಲ್ ಸೀರೆಯ ಸೆರಗು, ಅಂಗಡಿಯಲ್ಲಿ ಉಳಿದ ಚೂರುಗಳು, ಎಲ್ಲ ಸೇರಿದವು. ಮಾಶಾಬಿಯ ಬಟ್ಟೆ ಮಾತ್ರ ಒಂದೂ ಇರಲಿಲ್ಲ. ಮನೆಯಿಂದ ಕದ್ದು ತರುವ ಧೈರ್ಯ ಸಾಹೇಬರಿಗೆ ಇರಲಿಲ್ಲ. ಸಂಜೆ ಅವರು ಎದ್ದು ಹೋಗುವಾಗ ಸೊಂಟ ನೇರವಾಗಲು ಗೋಡೆ ಬೇಕಾಗುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಚಹಾದ ಹೊತ್ತು ದಾಟಿರುತ್ತಿತ್ತು.

ಮುಂಜಾನೆ ಸಣ್ಣಗೆ ಛಳಿ ಬೀಳತೊಡಗಿದಾಗ ಕೌದಿ ಮುಗಿಯಲು ಬಂತು. ಒಂದು ಮೂಲೆ ಮಾತ್ರ ಚೀಲದ ಬಾಯಿಯ ಹಾಗೆ ತೆರೆದೇ ಇತ್ತು. ಸಾಹೇಬರು ಮುಚ್ಚಲು ಸೂಜಿ ಎತ್ತಿದಾಗ ಅವ್ವ ಕೈ ಹಿಡಿದಳು.

"ಹಂಗs ಮುಚ್ಚಬ್ಯಾಡ. ಕೌದಿ ಉಪವಾಸ ಇರಬಾರದು. ಆ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಬೇಕು."

ಸಾಹೇಬರು ನಮ್ಮ ಅಡುಗೆ ಮನೆಯ ಕಡೆ ನೋಡಿದರು.

"ನಮ್ಮ ಮನೀದು ನಡಿಯೂದಿಲ್ಲ. ಯಾರು ಹೊದ್ಕೋತಾರ, ಅವರ ಒಲಿ ಮ್ಯಾಲಿನ ರೊಟ್ಟಿ ಆಗಬೇಕು. ಇಲ್ಲಂದ್ರ ಕೌದಿ ಹಸದು ಮಂದಿ ಮನಿ ಕಡೆ ನೋಡತೈತಿ."

"ಅವ್ವಾ, ನನ್ನ ಕೈಯಿಂದ ಕದ್ದು ತರೂದು ಆಗೂದಿಲ್ಲ. ಬೇಕರಿ ಪಾವು ಇಟ್ರ ಆಗಂಗಿಲ್ಲೇನು?"

ಅವ್ವ ದಾರದ ಉಂಡೆ ಸುತ್ತತೊಡಗಿದಳು. ಎಂಬತ್ತು ದಾಟಿದವರು ಕೆಲವು ಪ್ರಶ್ನೆಗಳಿಗೆ ಕಿವಿ ಕೇಳಿಸದವರಂತೆ ಇರಬಲ್ಲರು. ಸಾಹೇಬರು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಒಮ್ಮೆ ನಿಂತು ಹೋದರು. ಅವರ ಬೆನ್ನು ಅಷ್ಟು ಬಾಗಿದ್ದನ್ನು ನಾನು ಮಿಷನ್ನಿನ ಮುಂದೆಯೂ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಂದರು. ಕದಿಯಲಾಗದೆ ಕೌದಿಯ ಕಥೆಯನ್ನೆಲ್ಲ ಹೇಳಿ ರೊಟ್ಟಿ ಬೇಡಿದ್ದರಂತೆ. ಹಿಂದೆ, ಮೊಣಕಾಲ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತುತ್ತ, ಮಾಶಾಬಿ. ಆಕೆಯ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಆ ಗಂಡಹೆಂಡಿರು ತಮ್ಮ ಮನೆಯಲ್ಲಿ ಉರ್ದು ಆಡುತ್ತಾರೆ. ಅವತ್ತು ಮಾಶಾಬಿ ಒಳಗೆ ಕಾಲಿಟ್ಟವರೇ ಕನ್ನಡದಲ್ಲಿ ಶುರು ಮಾಡಿದರು. ಜಗಳಕ್ಕೆ ನಾವು ಸಾಕ್ಷಿ ಆಗಬೇಕಿತ್ತು, ಅದಕ್ಕೆ.

"ಪ್ರಲ್ಹಾದರ, ನಿಮ್ಮ ಕೇರಂ ಬೋರ್ಡ್ ಎಲ್ಲೈತ್ರಿ? ಒಂದೀಟ ನೋಡೂಣಂತ ಬಂದೇನಿ."

ನಾನು ಗೋಡೆ ನೋಡಿದೆ.

"ಬೊಟ್ಟಿಗೆಲ್ಲಾ ತೂತ ಬಿದ್ದಾವ, ಅಂಗೀಗೆ ದಾರ ಹತ್ತಿರತೈತಿ. ಎಂಥಾ ಕೇರಂ ಇದು? ನಾ ದರ್ಜಿ ಹೆಂಡ್ತಿ ಅದೀನ್ರಿ, ಕುರುಡಿ ಅಲ್ಲ." ಆಮೇಲೆ ಗಂಡನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿಗಿಂತ ಆಯಾಸವೇ ಇತ್ತು. "ಅಂಗಡಿ ಮುಚ್ಚೀರಿ ಅಂತ ತಿಳ್ಕೊಂಡಿದ್ನಿ. ಇಲ್ಲಿಗೆ ತಂದು ತಗದೀರಿ. ನಾ ಮತ್ತ ಒಬ್ಬಾಕೇ ಚಾ ಕುಡ್ಯಾಕತ್ತೇನಿ."

ಸಾಹೇಬರು ಕೌದಿಯ ಕಡೆ ಕೈ ತೋರಿಸಿದರು.

ಅವ್ವ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. "ಕೂಡು ಬಾ ಮಾಶಾಬಿ. ಬೈಯೂದಿದ್ರ ಕುಂತು ಬೈ, ನಿಂತು ಬೈದ್ರ ಕಾಲ ನೋಯತಾವ."

ಮಾಶಾಬಿ ಗೋಡೆ ಹಿಡಿದು ಕೂತರು. ಕೌದಿಯ ಮೇಲೆ ಅಂಗೈ ಆಡಿಸಿದರು. ಇಳಕಲ್ ಸೆರಗಿನ ಮೇಲೆ, ನನ್ನ ಪ್ಯಾಂಟಿನ ಮೇಲೆ, ಸಾಲು ಸಾಲಾಗಿ ಹೋದ ಹೊಲಿಗೆಗಳ ಮೇಲೆ. ಎಲ್ಲಿ ನೇರ ಇತ್ತೋ ಅಲ್ಲಿ ಬೇಗ, ಎಲ್ಲಿ ಸೊಟ್ಟ ಇತ್ತೋ ಅಲ್ಲಿ ನಿಂತು ನಿಂತು.

"ಇದು ನಿಮ್ಮ ಹೊಲಿಗಿನಾ?" ಎಂದು ಗಂಡನನ್ನು ಕೇಳಿದರು.

"ಹೂಂ. ಸಂಜೀ ಮುಂದ ಕೈ ದಣೀತಿತ್ತು."

"ಬಿಚ್ಚಲಿಲ್ಲಾ?"

"ಅವ್ವಾರು ಬಿಡಲಿಲ್ಲ."

"ನನ್ನದೊಂದು ಚಿಂದಿನೂ ಇಲ್ಲಲ್ಲ ಇದರಾಗ."

ಮಾಶಾಬಿ ರೊಟ್ಟಿಯ ಚೂರು ಮುರಿದು, ಸುತ್ತಿ ತಂದ ಬಟ್ಟೆಯನ್ನು ಒಮ್ಮೆ ನೋಡಿದರು. ಅದು ಅವರ ಹಳೆಯ ಕುಪ್ಪಸದ ತುಂಡು. ಯಾವುದೋ ಹಬ್ಬ ಮುಗಿದ ಮೇಲೆ ಹೊಲಿದದ್ದೇ ಇರಬೇಕು. ಚೂರನ್ನು ಅದರಲ್ಲೇ ಮಡಚಿ ಮೂಲೆಯೊಳಗೆ ಇಟ್ಟರು. ಸಾಹೇಬರು ಪಕ್ಕದಲ್ಲಿ ಕೂತು ಸೂಜಿಗೆ ಕೈ ಚಾಚಿದರು.

"ನಾನs ಮುಚ್ಚತೀನಿ. ಕೌದಿ ನನ್ನದಲ್ಲಾ?"

ದರ್ಜಿಯ ಹೆಂಡತಿಯಾಗಿಯೂ ಆಕೆ ಒಂದು ಗುಂಡಿಯನ್ನೂ ಹಚ್ಚಿದವರಲ್ಲ. ಹಚ್ಚಿದ್ದರೆ ಇವರು ಬಿಚ್ಚದೇ ಬಿಡುತ್ತಿದ್ದರೇ? ಮೊದಲ ಹೊಲಿಗೆ ಉದ್ದವಾಯಿತು, ಎರಡನೆಯದು ಅಡ್ಡ ಹೋಯಿತು, ಮೂರನೆಯದು ಹೋಗಿ ಮೊದಲನೆಯದರ ಮೇಲೇ ಕೂತಿತು. ಸಾಹೇಬರ ಕೈ ಜೇಬಿಗೆ ಹೋದದ್ದನ್ನು ನಾನು ಕಂಡೆ, ಅವ್ವ ಕಂಡಳು. ಬ್ಲೇಡಿನ ತುದಿ ಹೊರಗೆ ಇಣುಕಿತು. ಅವರ ಪಾದಗಳು ಬಕ್ರೀದಿನ ಹಿಂದಿನ ದಿನದ ವೇಗದಲ್ಲಿ ತುಳಿಯತೊಡಗಿದ್ದವು.

ಮಾಶಾಬಿ ತಲೆ ಎತ್ತಲಿಲ್ಲ. ಎಡಗೈಯನ್ನು ಗಂಡನ ಮೊಣಕಾಲ ಮೇಲೆ ಇಟ್ಟರು.

"ಮಿಷನ್ ನಿಲ್ಲಸ್ರಿ."

ನಿಂತಿತು.

ಆಕೆ ತಮ್ಮ ಸೊಟ್ಟ ಸಾಲನ್ನು ಕೊನೆಯ ತನಕ ಒಯ್ದು, ಗಂಟು ಹಾಕಿ, ಉಳಿದ ದಾರ ಕಚ್ಚಲು ಹಲ್ಲಿಗೆ ಹಿಡಿದರು. ಹಲ್ಲು ಅಲ್ಲಿ ಇರಲಿಲ್ಲ. ಆಗ ಸಾಹೇಬರು ಬ್ಲೇಡು ತೆಗೆದು, ಬೆರಳು ತಾಗದ ಹಾಗೆ ಹಿಡಿದು, ಗಂಟಿನ ಹತ್ತಿರ ದಾರವನ್ನಷ್ಟೇ ಕತ್ತರಿಸಿದರು. ಬ್ಲೇಡನ್ನು ಮತ್ತೆ ಜೇಬಿಗೆ ಹಾಕದೆ ಅವ್ವನ ಸೂಜಿ ಡಬ್ಬಿಯಲ್ಲಿ ಇಟ್ಟರು.

"ಏಳ್ರಿ, ಚಾದ ಹೊತ್ತಾತು," ಎಂದರು ಮಾಶಾಬಿ.

ಇಲ್ಲೇ ಕುಡಿಯಿರಿ ಎಂದೆವು. ಬೇಡ, ಮನೆಯಲ್ಲೇ ಕುಡಿಯಬೇಕು ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ಯಾರು ಯಾರನ್ನು ಎಬ್ಬಿಸಿದರೋ ಗೊತ್ತಾಗಲಿಲ್ಲ. ಸಾಹೇಬರ ಹೆಗಲ ಮೇಲೆ ಕೌದಿ ಭಾರವಾಗಿ ಜೋತಾಡುತ್ತಿತ್ತು, ನಡುವೆ ನನ್ನ ಮದುವೆಯ ಪ್ಯಾಂಟು. ಮೆಟ್ಟಿಲ ಹತ್ತಿರ ಅವರಿಬ್ಬರೂ ನಿಂತು ದಣಿವಾರಿಸಿಕೊಂಡರು, ಮತ್ತೆ ನಡೆದರು.