ಕೌದಿಯೊಳಗೆ ಬೆಂದ ಅನ್ನ

ಗ್ಯಾಸಿನ ಬೆಲೆ ಮತ್ತೆ ಏರಿದ ತಿಂಗಳು ನಮ್ಮ ಮನೆಯಲ್ಲಿ ಮೊದಲು ನಿಂತದ್ದು ಸಂಜೆಯ ಚಹಾ. ನಿಲ್ಲಿಸಿದವಳು ನಾನೇ. ನನ್ನ ಗಂಡ ಬೇಗಂ ಬಜಾರಿನ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಗುಮಾಸ್ತ. ಬೆಳಿಗ್ಗೆ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರೆ. ಎರಡು ದಿನ ಚಹಾ ಇಲ್ಲದೆ ಕಳೆದರು. ಮೂರನೆಯ ದಿನ ಕೆಳಗಿಳಿದು, ಮೂಲೆಯ ಹೋಟೆಲಿನಲ್ಲಿ ಕುಡಿದು ಬಂದರು. ಇದು ಉಳಿತಾಯವಲ್ಲ ಎಂದು ನನಗೆ ಆವತ್ತೇ ತಿಳಿಯಿತು. ಮರುದಿನದಿಂದ ಚಹಾ ಮತ್ತೆ ಶುರುವಾಯಿತು.

ನಮ್ಮದು ಬೀದರ್ ಕಡೆಯ ಮನೆತನ. ಎರಡು ಹೊತ್ತೂ ಜೋಳದ ರೊಟ್ಟಿ ಬೇಕು, ರೊಟ್ಟಿಗೆ ಜೋರು ಉರಿ ಬೇಕು. ಅಲ್ಲಿ ಕೈ ಬಿಗಿ ಹಿಡಿಯುವಂತಿರಲಿಲ್ಲ. ಉಳಿದದ್ದು ಅನ್ನ, ಬೇಳೆ, ಕಾಳು. ಇವುಗಳಿಗೆ ಉರಿ ಕಡಿಮೆ ಮಾಡುವುದು ಹೇಗೆಂದು ಯೋಚಿಸುತ್ತಿದ್ದಾಗಲೇ ಆ ಹೆಣ್ಣುಮಗಳು ಕಣ್ಣಿಗೆ ಬಿದ್ದಳು.

ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದರು. ಆಕೆ ಬೆಳಿಗ್ಗೆ ಮೂರು ಕಲ್ಲಿನ ಒಲೆಯಲ್ಲಿ ಹಲಗೆಯ ಚೂರು ಹಚ್ಚಿ ಅನ್ನಕ್ಕಿಡುತ್ತಿದ್ದಳು. ಒಂದು ಕುದಿ ಬಂದು ತುಸು ಹೊತ್ತಾಗುವುದರಲ್ಲಿ ಗಡಿಗೆ ಇಳಿಸಿ, ಹಳೆ ಸೀರೆಯಲ್ಲಿ ಸುತ್ತಿ, ಗೋಣಿಚೀಲ ತುಂಬಿದ ಬುಟ್ಟಿಯಲ್ಲಿ ಇಟ್ಟು, ಇಟ್ಟಿಗೆ ಹೊರಲು ಹೋಗಿಬಿಡುತ್ತಿದ್ದಳು. ಮಧ್ಯಾಹ್ನ ಬಿಚ್ಚಿದರೆ ಹಬೆಯಾಡುವ ಅನ್ನ. ನಾಲ್ಕು ದಿನ ನೋಡಿದೆ. ಐದನೆಯ ದಿನ ಕೆಳಗಿಳಿದು ಹೋಗಿ ಕೇಳಿದೆ. ಈ ತೆಲುಗು ಊರಲ್ಲಿ ಮಹಡಿಮನೆಯಾಕೆ ಕನ್ನಡದಲ್ಲಿ ಮಾತಾಡಿದ್ದಕ್ಕೆ ಆಕೆಗೆ ಮೊದಲು ಆಶ್ಚರ್ಯ, ಆಮೇಲೆ ಸಲಿಗೆ.

“ಒಲಿ ಮುಂದ ಕುಂದ್ರಾಕ ನಮಗ ಯಾಳೆ ಎಲ್ಲೈತ್ರಿ ಅಕ್ಕಾರ?” ಅಂದಳು. “ಒಂದ್ ಕುದಿ ಚೊಲೋತ್ನ್ಯಾಗ ಬಂದ್ರ ಸಾಕ್ರಿ. ಮುಂದಿಂದು ಒಳಗಿನ ಬಿಸಿನ ಮಾಡ್ತೈತಿ.”

ಅಂದೇ ಮಂಚದ ಕೆಳಗಿನ ಟ್ರಂಕಿನಿಂದ ನಮ್ಮವ್ವ ಹೊಲಿದ ಕೌದಿ ತೆಗೆದೆ. ರಾತ್ರಿ ನೆನೆಹಾಕಿದ ಕಡಲೆಯನ್ನು ಮರುದಿನ ಬೆಳಿಗ್ಗೆ ಕುದಿಸಿ, ಪಾತ್ರೆಯನ್ನು ಕೌದಿಯಲ್ಲಿ ಸುತ್ತಿ ಮೂಲೆಯಲ್ಲಿಟ್ಟೆ. ಆವತ್ತು ಭಾನುವಾರ. ಗಂಡ ಪೇಪರಿನಿಂದ ತಲೆ ಎತ್ತಿ, “ಕಡ್ಲಿಗೆ ಜ್ವರ ಬಂದಾವೇನು?” ಎಂದರು. ಮಧ್ಯಾಹ್ನ ತಾಟಿಗೆ ಬಡಿಸಿದರೆ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಅವರು ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಮತ್ತೆ ಆಕೆಯ ಬಳಿ ಹೋದೆ. ಎಷ್ಟು ಸಲ ಮುಚ್ಚಳ ತೆಗೆದು ನೋಡಿದಿರಿ ಎಂದು ಕೇಳಿದಳು. ಮೂರು ಸಲ ಅಂದೆ. ಹಾಗಾದರೆ ಬಿಸಿಯನ್ನೆಲ್ಲ ನೀವೇ ಹೊರಗೆ ಕಳಿಸಿದಿರಿ ಎಂದಳು. ಪಾತ್ರೆ ತುಂಬ ಇರಬೇಕು, ಕಾಳಿಗೆ ಕುದಿ ಇನ್ನೂ ಕೊಂಚ ಹೆಚ್ಚು ಕೊಡಬೇಕು ಎಂದೂ ಹೇಳಿಕೊಟ್ಟಳು.

ಆ ವಾರದ ಕೊನೆಗೆ ಬೇಳೆ ಬೆಣ್ಣೆಯಂತೆ ಬೆಂದಿತು. ತಿಂಗಳಿಗೆ ಸರಿಯಾಗಿ ಮುಗಿಯುತ್ತಿದ್ದ ಸಿಲಿಂಡರ್ ಹತ್ತು ದಿನ ಹೆಚ್ಚಿಗೆ ಬಂತು. ಗಂಡ ಅದನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿ, “ಇನ್ನೂ ಐತಲ್ಲ!” ಎಂದರು.

ಗಣಪತಿ ಹಬ್ಬ ಬಂತು. ಪ್ರತಿ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಗಾಡಿ ನಿಲ್ಲಿಸುವ ಸೆಲ್ಲಾರಿನಲ್ಲಿ ಒಂದು ದಿನ ಅನ್ನದಾನ. ಆ ವರ್ಷ ಅಡುಗೆ ಕಂಟ್ರಾಕ್ಟರು ಗ್ಯಾಸಿನ ಬೆಲೆ ಹೇಳಿ ದರ ಏರಿಸಿದ. ಊಟ ಬಿಟ್ಟು ಪ್ರಸಾದದ ಪೊಟ್ಟಣ ಹಂಚೋಣವೆಂದು ಕಮಿಟಿಯವರು ಮಾತಾಡುತ್ತಿದ್ದರು. ನಾನು ಅಂಥ ಸಭೆಗಳಲ್ಲಿ ಹಿಂದೆ ಕೂತು ಎದ್ದು ಬರುವವಳು. ಅಂದು ಮಾತ್ರ ಎದ್ದು ನಿಂತು, ನನ್ನ ಹರಕು ತೆಲುಗಿನಲ್ಲಿ, ನಮ್ಮ ಮನೆಯ ಒಂದು ಸಿಲಿಂಡರಿನಲ್ಲಿ ಎಲ್ಲರಿಗೂ ಅನ್ನ, ಪಪ್ಪು ಅಂದರೆ ಬೇಳೆ ಮಾಡುತ್ತೇನೆ, ಮನೆಗೊಂದು ರಗ್ಗು ಕೊಟ್ಟರೆ ಸಾಕು ಎಂದುಬಿಟ್ಟೆ. ಅಡುಗೆಗೆ ರಗ್ಗು ಏಕೆಂದು ಯಾರಿಗೂ ಅರ್ಥವಾಗಲಿಲ್ಲ. ಎರಡನೇ ಮಹಡಿಯ ನಿವೃತ್ತ ಟೀಚರಮ್ಮ ಮಾತ್ರ, ಆಗಲಿ, ನೋಡೋಣ ಎಂದರು.

ಯಾದಗಿರಿಯ ಹೆಣ್ಣುಮಗಳು ಅರ್ಧ ದಿನದ ಕೂಲಿ ಬಿಟ್ಟು ಬಂದಳು. ಆ ಕೂಲಿಯನ್ನು ಕಮಿಟಿಯೇ ಕೊಡಬೇಕೆಂದು ನಾನು ಮೊದಲೇ ಒಪ್ಪಿಸಿದ್ದೆ. ನೆನೆಸಿದ ಬೇಳೆ ಬೆಳಕು ಹರಿಯುವ ಮುಂಚೆಯೇ ಕುದಿಯುತ್ತಿತ್ತು. ಅದನ್ನಿಳಿಸಿದ ಮೇಲೆ ಅನ್ನದ ಎರಡು ದೊಡ್ಡ ಡಬರಿ ಒಂದಾದ ಮೇಲೊಂದು ಏರಿದವು. ಒಂಬತ್ತೂವರೆಗೆ ಒಲೆ ಆರಿಸಿದೆವು. ಕೌದಿ, ರಗ್ಗು, ಯಾರದೋ ಹಳೆ ಸ್ವೆಟರು, ಎಲ್ಲವನ್ನೂ ಹೊದಿಸಿ ಹಗ್ಗ ಬಿಗಿದೆವು. ಕಮಿಟಿಯ ಸೆಕ್ರೆಟರಿ ಎರಡು ಸಲ ಬಂದು ಆರಿದ ಒಲೆ ನೋಡಿ ಹೋದರು. ಮೂರನೆಯ ಸಲ ಬಂದು, ಒಮ್ಮೆ ಬಿಚ್ಚಿ ನೋಡಬಾರದೇ ಎಂದು ಕೇಳಿದರು. ಬಿಚ್ಚಿ ನೋಡುವ ಆಸೆ ನನಗೂ ಇತ್ತು. ಆದರೂ ಹನ್ನೆರಡರವರೆಗೆ ಯಾರೂ ಮುಟ್ಟುವಂತಿಲ್ಲ ಎಂದೆ.

ಹನ್ನೆರಡಕ್ಕೆ ಆಕೆಯೇ ಹಗ್ಗ ಬಿಚ್ಚಿದಳು. ಮುಚ್ಚಳ ಸರಿಸಿದಾಗ ಆವಿ ಮುಖಕ್ಕೆ ಹೊಡೆಯಿತು. ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿದೆ. ನಡುವೆ ಗಟ್ಟಿಯಿಲ್ಲ. ಎರಡನೆಯ ಡಬರಿಯ ತಳದ ಅನ್ನ ಕೊಂಚ ಮೆತ್ತಗಾಗಿತ್ತು, ಅದನ್ನು ಮೊಸರನ್ನಕ್ಕೆ ತಿರುಗಿಸಿದೆವು. ಎಂಬತ್ತು ಮಂದಿ ಉಂಡರು. ಸೆಕ್ರೆಟರಿ ಎರಡನೇ ಸಲ ಪಪ್ಪು ಹಾಕಿಸಿಕೊಂಡು, ಈ ಉಪಾಯ ಯಾರದು ಎಂದು ಜೋರಾಗಿ ಕೇಳಿದರು. ನಾನು ಆಕೆಯ ಕೈ ಹಿಡಿದು ಮುಂದೆ ಕರೆತಂದೆ. ಆಕೆ ನಾಚಲಿಲ್ಲ.

“ನಾನ ಕಲಿಸೀನ್ರಿ,” ಎಂದಳು. “ಅಕ್ಕಾರು ಚೊಲೋ ಕಲ್ತಾರ.”

ಪರೀಕ್ಷೆ ಪಾಸಾದವಳಂತೆ ನಾನು ಸೆರಗು ಸರಿಪಡಿಸಿಕೊಂಡೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಅಷ್ಟು ಜನರ ಮುಂದೆ ಹೊಗಳಿಸಿಕೊಂಡದ್ದು ಅದೇ ಮೊದಲು.

ಮುಂದಿನ ಭಾನುವಾರ ಹತ್ತು ಹನ್ನೊಂದು ಜನ ಹೆಂಗಸರು ನಮ್ಮ ಅಡುಗೆಮನೆಯಲ್ಲಿ ಕಿಕ್ಕಿರಿದಿದ್ದರು. ಗಂಡ ಪಡಸಾಲೆಯಿಂದ ಕುರ್ಚಿ ತಂದುಕೊಟ್ಟು ಹೊರಗೆ ನಿಂತರು. ಪಾತ್ರೆ ಯಾವಾಗ ಇಳಿಸಬೇಕು, ಕಾಳಿಗೆಷ್ಟು ಹೊತ್ತು, ಅಕ್ಕಿಗೆಷ್ಟು ಎಂದು ನಾನು ತೆಲುಗಿನಲ್ಲೇ ಹೇಳುತ್ತಾ ಹೋದೆ. ತಪ್ಪು ತಪ್ಪಾಗಿಯೇ ಹೇಳಿರಬೇಕು. ಟೀಚರಮ್ಮ ಕನ್ನಡಕ ಏರಿಸಿಕೊಂಡು, ಒಂದೂ ಮಾತು ತಿದ್ದದೆ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.