ಮೀನಿಲ್ಲದ ತೊಟ್ಟಿ

ನೀರು ಕಂಡರೆ ತುಂಬಿಸಿಡಬೇಕು ಎನ್ನುವುದು ನನ್ನ ಹುಟ್ಟುಗುಣ. ಹಿಪ್ಪರಗಿ ಕಡೆ ಕಬ್ಬು ಬೆಳೆದವನು ನಾನು. ಕಾಲುವೆಗೆ ನೀರು ಬಿಟ್ಟ ದಿನ ನಮ್ಮಲ್ಲಿ ಯಾರೂ ಸಾಕು ಎಂದಿದ್ದಿಲ್ಲ. ಬೆಳೆ ಕುಡಿದ ಮೇಲೂ ಹರಿಸುತ್ತಿದ್ದೆವು; ಬಿಟ್ಟರೆ ಪಕ್ಕದವನ ಪಾಲಾಗುತ್ತದಲ್ಲ ಎಂಬ ಸಂಕಟ. ಹಾಗೆ ಕುಡಿಸಿ ಕುಡಿಸಿ ನನ್ನ ಹೊಲದ ಒಂದು ಮಗ್ಗುಲು ಸವಳಾಯಿತು. ನೆಲದೊಳಗಿನ ಉಪ್ಪು ಮೇಲೆದ್ದು ಮಣ್ಣು ಬೆಳ್ಳಗಾಯಿತು. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ.

ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸೊಸೆ ಸಾವಿತ್ರಿ ಅಕ್ವೇರಿಯಂ ಇಟ್ಟಿದ್ದಳು. ಅದರಲ್ಲಿ ಸಮುದ್ರದ ಮೀನು ಎರಡು. ಕಿತ್ತಳೆ ಮೈಗೆ ಬಿಳಿ ಪಟ್ಟೆ. ಅವಕ್ಕೆ ಬೇಕಾದ ಉಪ್ಪು ಕೊರಿಯರಿನಲ್ಲಿ ಬರುತ್ತಿತ್ತು. ಕೃಷ್ಣೆಯ ಸೀಮೆಯಲ್ಲಿ ಕೂತು ಸಿಹಿನೀರಿಗೆ ಉಪ್ಪು ಕಲಸುವುದನ್ನು ಕಂಡು ನಾನು ನಗುತ್ತಿದ್ದೆ. ನಮ್ಮ ಬೇಸಗೆಗೆ ಅಷ್ಟು ಸಣ್ಣ ನೀರು ಬೇಗ ಕಾಯುತ್ತಿತ್ತು, ಬೇಗ ಕೆಡುತ್ತಿತ್ತು. ಅದಕ್ಕೆ ಅವಳು ಮೇಜಿನ ಕೆಳಗೆ ಇನ್ನೊಂದು ತೊಟ್ಟಿ ಇಡಿಸಿದಳು. ಮೇಲಿನ ನೀರು ಕೊಳವೆಯಲ್ಲಿ ಇಳಿಯುವುದು, ಪಂಪು ಅದನ್ನು ಮತ್ತೆ ಮೇಲೆತ್ತುವುದು. ಕೆಳಗೆ ಮೀನಿಲ್ಲ, ಬರೀ ನೀರು. ಅದೇಕೆ ಎಂದು ಕೇಳಿದೆ.

"ನೀರು ಹೆಚ್ಚಿದ್ರ ನಮ್ಮ ತಪ್ಪು ತಡಕೋತೈತ್ರಿ, ಮಾವಾರ. ಸಣ್ಣ ನೀರು ಲಗೂನ ಕೆಡ್ತೈತಿ."

ಮನುಷ್ಯರ ವಿಷಯದಲ್ಲೂ ಇದು ನಿಜವೆಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಕೆಲವರ ಮನಸ್ಸಿನಲ್ಲಿ ಒಂದು ಕೆಟ್ಟ ಮಾತು ಬಿದ್ದರೂ ಕರಗಿಹೋಗುತ್ತದೆ. ನನ್ನಂಥವನಲ್ಲಿ ಊಟದ ಹೊತ್ತಿಗೇ ಹುಳಿಯುತ್ತದೆ.

ಒಂದು ದಿನ ಅವಳು ಮುಧೋಳಕ್ಕೆ ಹೊರಟಳು. ಕೆಳಗಿನ ತೊಟ್ಟಿಯ ಹಳೆ ನೀರನ್ನು ಒಂದಿಷ್ಟು ತೆಗೆದು, ಹೊಸ ಉಪ್ಪುನೀರು ಕಲಸಿ ಡ್ರಮ್ಮಿನಲ್ಲಿಟ್ಟು ನನಗೆ ಹೇಳಿದಳು: "ಕೆಳಗಿಂದು ಅರ್ಧಾನ ತುಂಬ್ರಿ. ಕರೆಂಟ್ ಹೋದ್ರ ಮ್ಯಾಲಿಂದ ಒಂದಿಷ್ಟು ನೀರು ಇಳೀತೈತಿ. ಜಾಗಾ ಇರಬೇಕ್ರಿ."

ಗಲಗಲಿಯ ಹೊಳೆದಂಡೆಯಲ್ಲಿ ಬೆಳೆದವಳು. ಹೊಳೆ ಉಕ್ಕಿ ಬಂದಾಗ ನೀರಿಗೆ ಜಾಗ ಬಿಡುವುದು ಅವಳಿಗೆ ಗೊತ್ತು. ನನಗೆ ಅರ್ಧ ಖಾಲಿ ತೊಟ್ಟಿ ನೋಡಲಾಗಲಿಲ್ಲ. ಡ್ರಮ್ಮು ಬರಿದು ಮಾಡಿ ಕಂಠಮಟ್ಟ ತುಂಬಿದೆ.

ಮಧ್ಯಾಹ್ನ ಕರೆಂಟ್ ಹೋಯಿತು. ಪಂಪು ನಿಂತಿತು. ಮೇಲಿನ ನೀರು ಇಳಿದು, ಕೆಳಗಿನದು ಉಕ್ಕಿ ಪಡಸಾಲೆಯೆಲ್ಲ ಹರಿಯಿತು. ಗಾಬರಿಯಲ್ಲಿ ಕೆಳಗಿನದನ್ನು ಮೊಗೆಮೊಗೆದು ಬಚ್ಚಲಿಗೆ ಚೆಲ್ಲಿದೆ. ಕರೆಂಟ್ ಬಂದಾಗ ಪಂಪಿಗೆ ನೀರು ಸಾಲದೆ ಗೊರಗುಟ್ಟತೊಡಗಿತು. ಯಾರಿಗೂ ಗೊತ್ತಾಗದಿರಲೆಂದು ನಳದ ನೀರು ಸುರಿದು ಸರಿದೂಗಿಸಿದೆ.

ಸಂಜೆ ಸಾವಿತ್ರಿ ಬರುವಷ್ಟರಲ್ಲಿ ಒಂದು ಮೀನು ಸತ್ತಿತ್ತು. ಇನ್ನೊಂದು ಮಗ್ಗುಲಾಗಿ ಬಿದ್ದು ಏದುತ್ತಿತ್ತು. ಒಣಗಿದ ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದಿತ್ತು.

"ಹೊಲಾ ಕೆಡಿಸಿದ್ದು ಸಾಲಲಿಲ್ಲೇನು? ಮನೀನೂ ಸವಳ ಮಾಡಿದ್ರಿ?" ಎಂದಳು ನನ್ನ ಹೆಂಡತಿ.

ಸಾವಿತ್ರಿ ನಗಲಿಲ್ಲ. "ಮಾವಾರ, ಬ್ಯಾರೆ ನೀರು ಹಾಕೀರೇನು?"

"ಇಲ್ಲವ್ವಾ. ಕರೆಂಟ್ ಹೋಗಿತ್ತು, ಅಷ್ಟ."

"ಬೈಯಾಕ ಕೇಳಾಕತ್ತಿಲ್ರಿ. ಏನ್ ಬಿದ್ದೈತಿ ಅಂತ ತಿಳೀದ ನಾ ಏನ್ ಮಾಡ್ಲಿ? ಖರೆ ಹೇಳಿದ್ರ ಇದೊಂದರೆ ಉಳೀತೈತಿ."

ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಸೊಸೆಯ ಮುಂದೆ ತಲೆ ತಗ್ಗಿಸುವುದು ಹೇಗೆಂದು ನಾನು ಯೋಚಿಸುತ್ತಿದ್ದೆ. ಅಷ್ಟು ಹೊತ್ತು ಒಂದು ಜೀವವನ್ನು ಕಾಯಿಸಿದ್ದಕ್ಕೆ ಇಂದಿಗೂ ನಾಚುತ್ತೇನೆ.

"ನಳದ್ದು ಸುರಿದೇನವ್ವಾ," ಎಂದೆ. "ಬಕೆಟ್‌ಗಟ್ಲೆ."

ಅವಳು ನಳದ ನೀರಿನ ಕ್ಲೋರಿನ್ ವಿಷ ಮುರಿಯುವ ಔಷಧ ಹಾಕಿದಳು. ಹೊಸದಾಗಿ ಉಪ್ಪುನೀರು ಕಲಸಿ ನನ್ನ ಕೈಗೆ ಲೋಟ ಕೊಟ್ಟಳು. "ಸ್ವಲ್ಪ ಸ್ವಲ್ಪ ಹಾಕ್ರಿ. ಅವಸರ ಬ್ಯಾಡ." ಕಾಲುವೆಗಟ್ಟಲೆ ನೀರು ಹರಿಸಿದ ಕೈ ಅಂದು ಲೋಟದಲ್ಲಿ ಅಳೆದು ನೀರು ಕೊಟ್ಟಿತು. ಬೆಳಿಗ್ಗೆ ಮೀನು ನೆಟ್ಟಗಾಗಿ ಈಜುತ್ತಿತ್ತು.

ಈಗಲೂ ಮನೆಗೆ ಬಂದವರು ಬಗ್ಗಿ ನೋಡಿ, "ಕೆಳಗಿಂದು ಯಾಕ್ರಿ ಅರ್ಧಾನ ಐತಿ?" ಎನ್ನುತ್ತಾರೆ. "ಮಾವಾರನ್ನ ಕೇಳ್ರಿ" ಎಂದು ಸಾವಿತ್ರಿ ಚಹಾಕ್ಕೆ ಇಡಲು ಒಳಗೆ ಹೋಗುತ್ತಾಳೆ. ನಾನು ಎಲ್ಲವನ್ನೂ ಹೇಳುತ್ತೇನೆ. ಸುಳ್ಳಾಡಿದ ಭಾಗವನ್ನು ಹಾರಿಸಿದ ದಿನ ಚಹಾ ಬರುವುದು ತಡವಾಗುತ್ತದೆ.